ಹೆಪ್ಪುಗಟ್ಟುವಾಗ ತವರ ಒಂದೇ ತಾಪಮಾನದಲ್ಲಿ ನಿಲ್ಲುತ್ತದೆ, ಬೆಸುಗೆ ಲೋಹ ಯಾಕೆ ನಿಲ್ಲುವುದಿಲ್ಲ?

ಲ್ಯಾಬ್_ಮಡಿಕೇರಿ:
ಪಿಯುಸಿ ಮಕ್ಕಳಿಗೆ ಕೂಲಿಂಗ್ ಕರ್ವ್ (ಹೊತ್ತು ಕಳೆದಂತೆ ತಾಪಮಾನ ಇಳಿಯುವ ರೇಖೆ) ತೋರಿಸಲು 150 ಗ್ರಾಂ ಶುದ್ಧ ತವರ, 150 ಗ್ರಾಂ ತವರ-ಸೀಸ 50:50 ಬೆಸುಗೆ, ಎರಡನ್ನೂ ಬೇರೆ ಬೇರೆ ಸ್ಟೀಲ್ ಬಟ್ಟಲಲ್ಲಿ ಕರಗಿಸಿ ತಣಿಸುತ್ತಿದ್ದೇವೆ. ಅಳೆಯಲು ಕೆ-ಟೈಪ್ ಥರ್ಮೋಕಪಲ್ (ನಿಕಲ್ ಮಿಶ್ರಲೋಹದ ಎರಡು ತಂತಿಗಳ ತಾಪಮಾನ ಸಂವೇದಕ). ಮೀಟರನ್ನು ಐಸ್ ನೀರಲ್ಲಿ 0, ಕುದಿಯುವ ನೀರಲ್ಲಿ 100 ಬರುವಂತೆ ಹೊಂದಿಸಿದೆ.

ತವರ 233ಕ್ಕೆ ಇಳಿದು, ತಟ್ಟನೆ 241ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಪುಸ್ತಕದಲ್ಲಿರುವುದು 232. ಬೆಸುಗೆಯ ರೇಖೆ 223ರ ಹತ್ತಿರ ಬಾಗಿದರೂ ನಿಲ್ಲದೆ ಇಳಿಯುತ್ತಾ ಹೋಗಿ 191ರಲ್ಲಿ ನಿಲ್ಲುತ್ತದೆ. ‘ಸ್ಥಿತಿ ಬದಲಾಗುವಾಗ ತಾಪಮಾನ ಬದಲಾಗುವುದಿಲ್ಲ’ ಎಂಬ ಪಾಠ ಮಿಶ್ರಲೋಹಕ್ಕೆ ಸಲ್ಲುವುದಿಲ್ಲವೇ? ತಿಳಿದವರು ವಿವರಿಸಿ.

ಮೂಸೆ:
ಮೊದಲು ಆ 9 ಡಿಗ್ರಿ. ತಪ್ಪು ತವರದ್ದಲ್ಲ, ಕುದಿಯುವ ನೀರಿನದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆ 96ನ್ನು ಮೀಟರ್ 100 ಎಂದು ನಂಬಿದೆ, ಹಾಗಾಗಿ ಎಲ್ಲ ರೀಡಿಂಗೂ ನೂರಕ್ಕೆ ನಾಲ್ಕರಷ್ಟು ಹೆಚ್ಚು. ನಿಮ್ಮ 241ನ್ನು 0.96ರಿಂದ ಗುಣಿಸಿ: 231.4. ಬೆಸುಗೆಯ 191 ನಿಜದಲ್ಲಿ 183, 223 ನಿಜದಲ್ಲಿ 214. ಪ್ರಯೋಗ ಬಹಳ ಚೆನ್ನಾಗಿ ಆಗಿದೆ ಸರ್.

ಇನ್ನು ಮುಂದೆ ಐಸ್ ಮತ್ತು ತವರ ಇವೆರಡರಿಂದಲೇ ಹೊಂದಿಸಿ. ನೀರು ಆವಿಯಾಗುವಾಗ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗುವುದರಿಂದ ಗಾಳಿಯ ಒತ್ತಡ ಅದರ ಕುದಿಬಿಂದುವನ್ನು ಬದಲಿಸುತ್ತದೆ. ತವರ ಕರಗುವಾಗ ಹಿಗ್ಗುವುದು ನೂರಕ್ಕೆ ಎರಡು-ಮೂರು ಪಾಲು ಅಷ್ಟೇ; ಮಂಗಳೂರಿಗೂ ಮಡಿಕೇರಿಗೂ ಅದರ ಕರಗುವ ಬಿಂದುವಿನಲ್ಲಿ ಡಿಗ್ರಿಯ ಸಾವಿರದಲ್ಲೊಂದು ಪಾಲಿನ ವ್ಯತ್ಯಾಸವೂ ಇಲ್ಲ. 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕದಲ್ಲಿ ತವರ ಹೆಪ್ಪುಗಟ್ಟುವ 231.928 ಡಿಗ್ರಿ ಒಂದು ಸ್ಥಿರ ಬಿಂದು.

ಇಳಿದು ಏರುವುದಕ್ಕೆ ಕಾರಣ ಅತಿಶೀತಲನ. ಮೊದಲ ಹರಳು ಹುಟ್ಟುವುದು ತಡವಾದರೆ ದ್ರವ ತನ್ನ ಬಿಂದುವಿಗಿಂತ ಕೆಳಗೆ ತಣಿಯುತ್ತದೆ. ಹರಳು ಹುಟ್ಟಿದ ಕೂಡಲೇ ಗುಪ್ತೋಷ್ಣ (ಹೆಪ್ಪುಗಟ್ಟುವಾಗ ಹೊರಬರುವ ಉಷ್ಣ) ಬಿಡುಗಡೆಯಾಗಿ ತಾಪಮಾನ ಮೇಲೇರುತ್ತದೆ. ಅದು ಬೇಡವೆಂದರೆ ನಿಜದ 235ರ ಸುಮಾರಿಗೆ ಒಣಗಿದ ಕಡ್ಡಿಯಿಂದ ಮೆಲ್ಲಗೆ ಕಲಕಿ, ನಂತರ ತವರದ ಒಂದು ಚಿಕ್ಕ ಚೂರು ಹಾಕಿ. ನನ್ನ ಕೇಳಿದರೆ ಈ ಇಳಿದು ಏರುವುದನ್ನು ಮಕ್ಕಳಿಗೆ ತೋರಿಸಲೇಬೇಕು.

ತವರಸೀಸ:
ಮಿಶ್ರಲೋಹದ ಪ್ರಶ್ನೆಗೆ ಗಿಬ್ಸ್ ನಿಯಮವೇ ಉತ್ತರ. ಒತ್ತಡ ಒಂದೇ ಇದ್ದಾಗ, ಸ್ವಾತಂತ್ರ್ಯ = ಘಟಕಗಳು − ಪ್ರಾವಸ್ಥೆಗಳು + 1. ಸ್ವಾತಂತ್ರ್ಯ ಎಂದರೆ ಪ್ರಾವಸ್ಥೆಗಳು ಜೊತೆಗಿರುವಾಗಲೇ ತಾಪಮಾನ, ಸಂಯೋಜನೆಗಳಲ್ಲಿ ಎಷ್ಟನ್ನು ಸ್ವತಂತ್ರವಾಗಿ ಬದಲಿಸಬಹುದು ಎಂಬ ಸಂಖ್ಯೆ.

ಶುದ್ಧ ತವರದಲ್ಲಿ ಘಟಕ ಒಂದು, ಪ್ರಾವಸ್ಥೆ ಎರಡು (ದ್ರವ, ಘನ). ಸ್ವಾತಂತ್ರ್ಯ ಸೊನ್ನೆ. ಎರಡೂ ಜೊತೆಗಿರುವಷ್ಟು ಹೊತ್ತು ತಾಪಮಾನ ಅಲುಗಾಡುವಂತಿಲ್ಲ. ಬೆಸುಗೆಯಲ್ಲಿ ಘಟಕ ಎರಡು. 214ರಲ್ಲಿ ಸೀಸ ಹೆಚ್ಚಿರುವ ಹರಳುಗಳು ಮೊದಲು ಬೀಳುತ್ತವೆ. ಪ್ರಾವಸ್ಥೆ ಎರಡೇ, ಹಾಗಾಗಿ ಸ್ವಾತಂತ್ರ್ಯ ಒಂದು ಉಳಿಯಿತು. ಸೀಸ ಕಳೆದುಕೊಂಡ ದ್ರವದಲ್ಲಿ ತವರದ ಪಾಲು ಏರುತ್ತಾ ಹೋಗುತ್ತದೆ, ಅದರ ಹೆಪ್ಪುಗಟ್ಟುವ ಬಿಂದು ಇಳಿಯುತ್ತಾ ಹೋಗುತ್ತದೆ. ನೀವು ಕಂಡ ಜಾರು ಅದೇ. ಗುಪ್ತೋಷ್ಣ ಅಲ್ಲೂ ಬರುತ್ತಿರುವುದರಿಂದ ಇಳಿತ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. 183ಕ್ಕೆ ಬಂದಾಗ ದ್ರವದಲ್ಲಿ ತವರ ಶೇ 61.9. ಇದು ಯುಟೆಕ್ಟಿಕ್, ಅಂದರೆ ಎಲ್ಲಕ್ಕಿಂತ ಕಡಿಮೆ ತಾಪಮಾನದಲ್ಲಿ ಹೆಪ್ಪುಗಟ್ಟುವ ಮಿಶ್ರಣ. ಇಲ್ಲಿ ದ್ರವ ಒಂದು ಮತ್ತು ಘನ ಎರಡು, ಮೂರು ಪ್ರಾವಸ್ಥೆ ಸೇರಿದವು. ಸ್ವಾತಂತ್ರ್ಯ ಮತ್ತೆ ಸೊನ್ನೆ, ರೇಖೆ ಮತ್ತೆ ಸಮತಟ್ಟು.

ಆದ್ದರಿಂದ ಪಾಠ ಸುಳ್ಳಲ್ಲ, ‘ಶುದ್ಧ ವಸ್ತುವಿಗೆ’ ಎಂಬ ಮಾತು ಮಾತ್ರ ಸೇರಿಸಿ ಹೇಳಬೇಕು. 63:37 ಬೆಸುಗೆ ಸಿಕ್ಕರೆ ಅದನ್ನೂ ತಣಿಸಿ. ಮಿಶ್ರಲೋಹವೇ ಆದರೂ ಹೆಚ್ಚುಕಡಿಮೆ ಶುದ್ಧ ಲೋಹದಂತೆ ಒಂದೇ ಸಮತಟ್ಟು ಕೊಡುತ್ತದೆ.

ಲ್ಯಾಬ್_ಮಡಿಕೇರಿ:
ತುಂಬಾ ಧನ್ಯವಾದ ಸರ್. ಸಮತಟ್ಟು ಭಾಗದ ಉದ್ದ ನೋಡಿ, ಅಂಗಡಿಯ ಬೆಸುಗೆಯಲ್ಲಿ ತವರ ಎಷ್ಟಿದೆ ಎಂದು ಹೇಳಬಹುದೇ?

ತವರಸೀಸ:
ಹೇಳಬಹುದು. 183ರಲ್ಲಿ ಸೀಸದ ಘನದೊಳಗೆ ತವರ ಕರಗಿರುವುದು ಶೇ 19ರಷ್ಟು. ಆಗ 50:50ರಲ್ಲಿ ಯುಟೆಕ್ಟಿಕ್ ಪಾಲು, ಅಂದರೆ 183ಕ್ಕೆ ಬಂದಾಗ ಇನ್ನೂ ದ್ರವವಾಗಿ ಉಳಿದ ಭಾಗ, (50−19)/(61.9−19), ಅಂದರೆ ಸುಮಾರು ಶೇ 72. 40:60 ಆದರೆ ಶೇ 49. 63:37ರ ಸಮತಟ್ಟು 20 ನಿಮಿಷ ಬಂದರೆ 50:50ರದು 14ರ ಹತ್ತಿರ, ತವರ 40 ಇದ್ದರೆ 10ರ ಹತ್ತಿರ ಬರಬೇಕು. ತೂಕ, ಬಟ್ಟಲು, ತಣಿಯುವ ಏರ್ಪಾಡು ಮೂರೂ ಒಂದೇ ಆಗಿರಬೇಕು. ಬೇಗ ತಣಿಸಿದರೆ ಸಂಯೋಜನೆ ಸಮವಾಗಲು ಹೊತ್ತು ಸಿಗದೆ ಲೆಕ್ಕ ತಪ್ಪುತ್ತದೆ.

ಮೂಸೆ:
ಇದರ ಜೊತೆ ಕೆಲವು ಕೈಕೆಲಸದ ಮಾತು. ಬಟ್ಟಲು ಹಗುರ ಇರಲಿ. ತವರದ ಗುಪ್ತೋಷ್ಣ ಗ್ರಾಂಗೆ ಸುಮಾರು 60 ಜೂಲ್, ದ್ರವ ತವರ ಒಂದು ಡಿಗ್ರಿ ಇಳಿಯಲು ಬಿಡುವುದು ಕಾಲು ಜೂಲ್. ಅಂದರೆ ಹೆಪ್ಪುಗಟ್ಟುವುದು 240 ಡಿಗ್ರಿ ತಣಿದಷ್ಟೇ ಕೆಲಸ. ದಪ್ಪ ಬಟ್ಟಲಾದರೆ ಜಾರಿನ ಭಾಗಕ್ಕೆ ಅದರ ಉಷ್ಣವೂ ಸೇರಿ ಸಮತಟ್ಟು ಗಿಡ್ಡವಾಗಿ ಕಾಣುತ್ತದೆ. ನಿಮಿಷಕ್ಕೆ 10 ಡಿಗ್ರಿ ಇಳಿಯುವಂತಿದ್ದರೆ ಸಾಕು, 15 ಸೆಕೆಂಡಿಗೊಮ್ಮೆ ಬರೆದುಕೊಳ್ಳಿ. ಬರಿಯ ಥರ್ಮೋಕಪಲ್ ಅದ್ದಬೇಡಿ, ತವರ ಅದರ ನಿಕಲ್ಲನ್ನು ತಿನ್ನುತ್ತದೆ. ತೆಳು ಸೆರಾಮಿಕ್ ಕೊಳವೆಯೊಳಗಿಟ್ಟು, ತುದಿ ತಳಕ್ಕೆ ತಾಗದೆ ಲೋಹದ ನಡುವೆ ನಿಲ್ಲಿಸಿ. ಹೊರತೆಗೆಯಲು ಮತ್ತೆ ಕರಗಿಸಬೇಕು, ಎಳೆದರೆ ಕೊಳವೆ ಮುರಿಯುತ್ತದೆ. ಒಳಗೆ ರಾಳವಿರುವ ತಂತಿ ಬೇಡ, ಬಾರ್ ಬೆಸುಗೆಯನ್ನೇ ತನ್ನಿ.

ಮಳೆಗಾಲದ ಮಾತು ಒಂದು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಜುಲೈ-ಆಗಸ್ಟಿನ ಕೊಡಗಿನಲ್ಲಿ ಇಟ್ಟಿದ್ದೆಲ್ಲ ತೇವ ಹೀರುತ್ತದೆ. ತೇವದ ಅಚ್ಚಿಗೆ ಕರಗಿದ ಲೋಹ ಸುರಿದರೆ, ಕರಗಿದ ಲೋಹಕ್ಕೆ ತೇವದ ಚಮಚ ಹಾಕಿದರೆ, ನೀರು ಕ್ಷಣದಲ್ಲಿ ಆವಿಯಾಗಿ ಲೋಹ ಮುಖಕ್ಕೆ ಸಿಡಿಯುತ್ತದೆ. ಬಟ್ಟಲು, ಅಚ್ಚು, ಕಡ್ಡಿ, ಚೂರು ಎಲ್ಲವನ್ನೂ 150 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಒಣಗಿಸಿ. ಮುಖಕ್ಕೆ ಶೀಲ್ಡ್, ಕಿಟಕಿ ತೆರೆದಿರಲಿ. ಸೀಸ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಮಕ್ಕಳು ಊಟಕ್ಕೆ ಹೋಗಬಾರದು.

ಕುಲುಮೆ_ಗೋಣಿಕೊಪ್ಪ:
ಘನದಿಂದ ಘನಕ್ಕೂ ಇದೇ ನಿಯಮ. ಶೇ 0.77 ಇಂಗಾಲದ ಉಕ್ಕು ತಣಿಯುವಾಗ 727ರಲ್ಲಿ ಆಸ್ಟೆನೈಟ್ (ಬಿಸಿ ಉಕ್ಕಿನ ಘನ ರೂಪ) ಒಡೆದು ಫೆರೈಟ್ (ಬಹುತೇಕ ಬರಿಯ ಕಬ್ಬಿಣ), ಸಿಮೆಂಟೈಟ್ (ಕಬ್ಬಿಣ-ಇಂಗಾಲದ ಸಂಯುಕ್ತ) ಆಗುತ್ತದೆ. ಮೂರು ಪ್ರಾವಸ್ಥೆ, ಸ್ವಾತಂತ್ರ್ಯ ಸೊನ್ನೆ. ಗಾಳಿಯಲ್ಲಿ ತಣಿಸಿದರೆ ಬದಲಾವಣೆ ಇನ್ನೂ ಕೆಳಗೆ ಶುರುವಾಗುತ್ತದೆ. ಕತ್ತಲೆ ಕೋಣೆಯಲ್ಲಿ ನೋಡಿದರೆ ಮಂಕಾಗುತ್ತಿದ್ದ ಕೆಂಪು ಆಗ ಒಮ್ಮೆ ಬೆಳಗುತ್ತದೆ. ತವರ ಇಳಿದು ಏರಿದ್ದೂ ಇದೇ ರೀತಿ.

ಆದರೆ ತೋಟದ ಕತ್ತಿ ಹದ ಮಾಡುವಾಗ ಆಗುವ ಮಾರ್ಟೆನ್ಸೈಟ್ (ಬೇಗ ತಣಿಸಿದಾಗ ಹುಟ್ಟುವ ಉಕ್ಕಿನ ಗಡುಸು ರೂಪ) ಈ ಲೆಕ್ಕಕ್ಕೆ ಬರುವುದಿಲ್ಲ. ಅದು ತಾಪಮಾನ ಇಳಿಯುತ್ತಿದ್ದಷ್ಟು ಹೊತ್ತು ಮಾತ್ರ ಬೆಳೆಯುತ್ತದೆ. ಲಾರಿಯ ಸ್ಪ್ರಿಂಗ್ ಪ್ಲೇಟಿನ ಉಕ್ಕಿನಲ್ಲಿ 300ಕ್ಕಿಂತ ಕೆಳಗೆ ಶುರುವಾಗುತ್ತದೆ; ಅರ್ಧದಲ್ಲಿ ತಾಪಮಾನ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಅದಕ್ಕೇ ಕತ್ತಿಯನ್ನು ಎಣ್ಣೆಯಿಂದ ಬಿಸಿ ಇರುವಾಗಲೇ ಎತ್ತಬಾರದು. ಕೈಯಲ್ಲಿ ಹಿಡಿಯುವಷ್ಟು ತಣಿಯಲಿ, ಕೂಡಲೇ 250-300ರಲ್ಲಿ ಒಂದು ಗಂಟೆ ಟೆಂಪರ್ ಮಾಡಿ (ಮತ್ತೆ ಕಾಯಿಸಿ ಪೆಡಸು ತಗ್ಗಿಸಿ). ಆ ಉಕ್ಕನ್ನು ನೀರಿಗೆ ಅದ್ದಿದರೆ ಅಂಚು ಬಿರಿಯುತ್ತದೆ.