ಪದಚರ್ಚೆ: ಬಾಲ್‌ರೂಮ್ ಡ್ಯಾನ್ಸಿನ 'ಸ್ಟೈಲ್'ಗೆ ಶೈಲಿಯೋ, ತಿಟ್ಟೋ, ಪದ್ಧತಿಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಇಬ್ಬರು ಜೋಡಿಯಾಗಿ ಕುಣಿಯುವ ಬಾಲ್‌ರೂಮ್ ಡ್ಯಾನ್ಸ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಇಲ್ಲಿ ಅಮೆರಿಕದಲ್ಲಿ ಈ ಡ್ಯಾನ್ಸ್ ಎರಡು ಸ್ಟೈಲುಗಳಲ್ಲಿ ನಡೆಯುತ್ತದೆ. ಒಂದು ಅಮೆರಿಕನ್, ಇನ್ನೊಂದು ಇಂಟರ್‌ನ್ಯಾಷನಲ್. ಇವನ್ನು ಕನ್ನಡದಲ್ಲಿ ಏನಂತ ಕರೆಯಬೇಕು ಅನ್ನುವುದೇ ನನ್ನ ಪ್ರಶ್ನೆ. ಸುಮ್ನೆ 'ಅಮೆರಿಕನ್ ಶೈಲಿ, ಅಂತಾರಾಷ್ಟ್ರೀಯ ಶೈಲಿ' ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಈ ಎರಡೂ ಪದಗಳು ಓದುಗರನ್ನು ದಾರಿ ತಪ್ಪಿಸುತ್ತವೆ ಅನ್ನಿಸುತ್ತಿದೆ.

ಮೊದಲು 'ಅಂತಾರಾಷ್ಟ್ರೀಯ'. ಈ ಪದ ಓದಿದವರು ಹತ್ತಾರು ದೇಶಗಳು ಸೇರಿ ಕಟ್ಟಿದ್ದು ಅಂದುಕೊಳ್ಳುತ್ತಾರೆ. ನಿಜವಾಗಿ ಅದು ರೂಪ ಪಡೆದದ್ದು ಇಂಗ್ಲೆಂಡಿನಲ್ಲಿ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಒಬ್ಬೊಬ್ಬರು ಒಂದೊಂದು ತರಹ ಕುಣಿಯುತ್ತಿದ್ದರು. 1920ರಲ್ಲಿ 'ಡ್ಯಾನ್ಸಿಂಗ್ ಟೈಮ್ಸ್' ಪತ್ರಿಕೆಯ ಸಂಪಾದಕ ಫಿಲಿಪ್ ರಿಚರ್ಡ್‌ಸನ್ ಅಲ್ಲಿನ ಡ್ಯಾನ್ಸ್ ಮೇಷ್ಟ್ರುಗಳನ್ನು ಒಂದೆಡೆ ಸೇರಿಸಿದರು. 1924ರಲ್ಲಿ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡ್ಯಾನ್ಸಿಂಗ್ ಸಂಸ್ಥೆ ಬಾಲ್‌ರೂಮ್‌ಗೇ ಒಂದು ಶಾಖೆ ತೆರೆಯಿತು. ಯಾವ ಹೆಜ್ಜೆ, ಎಷ್ಟು ತಿರುವು, ಹಿಮ್ಮಡಿ ಮೊದಲೋ ಬೆರಳು ಮೊದಲೋ ಎಲ್ಲವನ್ನೂ ಬರೆದಿಟ್ಟರು. ಬಹಳ ಕಾಲ ಇದಕ್ಕೆ 'ಇಂಗ್ಲಿಷ್ ಸ್ಟೈಲ್' ಅಂತಲೇ ಹೆಸರಿತ್ತು. ಬೇರೆ ದೇಶಗಳಿಗೆ ಹರಡಿದ ಮೇಲೆ 'ಇಂಟರ್‌ನ್ಯಾಷನಲ್' ಆಯಿತು. ಹಾಗಂತ ಇವತ್ತು ನಾನು 'ಇಂಗ್ಲಿಷ್ ಶೈಲಿ' ಅಂತ ಬರೆದರೆ ಇಲ್ಲಿನ ಯಾವ ಡ್ಯಾನ್ಸರ್‌ಗೂ ಅರ್ಥವಾಗುವುದಿಲ್ಲ. ಆದ್ದರಿಂದ 'ಇಂಟರ್‌ನ್ಯಾಷನಲ್' ಅಂತ ಹೆಸರನ್ನು ಹಾಗೇ ಇಟ್ಟು, ಹುಟ್ಟಿದ ಕತೆಯನ್ನು ಒಂದು ಸಾಲಿನಲ್ಲಿ ಹೇಳುವುದು ವಾಸಿ ಅಂತ ನನ್ನ ಅಭಿಪ್ರಾಯ.

ಇನ್ನು 'ಶೈಲಿ'. ನಮ್ಮಲ್ಲಿ ಇದು ಜಾಸ್ತಿ ಬಳಕೆಯಾಗುವುದು ಒಬ್ಬರ ರೀತಿಗೆ. ಅವರ ಬರವಣಿಗೆಯ ಶೈಲಿ, ಇವರ ಮಾತಿನ ಶೈಲಿ. ಇಲ್ಲಿರುವುದು ಅಷ್ಟು ಹಗುರವಾದ ವ್ಯತ್ಯಾಸ ಅಲ್ಲ. ಬಾಲ್‌ರೂಮಿನ ಡ್ಯಾನ್ಸುಗಳಲ್ಲಿ ಒಂದಾದ ರುಂಬಾವನ್ನೇ ನೋಡಿ. ಎರಡೂ ಕಡೆ ಹೆಸರು ರುಂಬಾ. ಅಮೆರಿಕನ್ ರುಂಬಾದಲ್ಲಿ ಮೊದಲು ಕಲಿಸುವುದು ನೆಲದ ಮೇಲೆ ಚೌಕ ಬರೆದ ಹಾಗೆ ಹೆಜ್ಜೆ ಇಡುವುದನ್ನು. ಒಂದು ನಿಧಾನ, ಎರಡು ಚುರುಕು. ಹೆಜ್ಜೆ ಇಡುವಾಗ ಮಂಡಿ ಸ್ವಲ್ಪ ಮಡಿಚಿರುತ್ತದೆ. ಭಾರ ಬಿದ್ದ ಮೇಲೆ ಅದು ನೇರವಾಗುತ್ತದೆ, ಆಗ ಸೊಂಟ ಹೊರಳುತ್ತದೆ. ಇಂಟರ್‌ನ್ಯಾಷನಲ್ ರುಂಬಾದಲ್ಲಿ ಚೌಕವೇ ಇಲ್ಲ. ತಾಳದ ಎರಡು, ಮೂರು, ನಾಲ್ಕಕ್ಕೆ ಹೆಜ್ಜೆ. ಒಂದಕ್ಕೆ ಹೆಜ್ಜೆ ಇಲ್ಲ, ನಾಲ್ಕರ ಹೆಜ್ಜೆಯೇ ಸೊಂಟದಲ್ಲಿ ಮುಂದುವರಿಯುತ್ತದೆ. ಭಾರ ಬೀಳುವ ಹೊತ್ತಿಗೆ ಕಾಲು ನೇರ ಇರಲೇಬೇಕು. ಹಾಡಿನ ವೇಗವೂ ಕಡಿಮೆ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಹೋದರೆ ಕಾಲಿಗೆ ಮೊದಲಿಂದ ಪಾಠ ಹೇಳಬೇಕು.

ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಒಂದಿದೆ. ಈ ಚೌಕದ ರುಂಬಾ ಒಂದು ಕಾಲದಲ್ಲಿ ಲಂಡನ್ನಿನಲ್ಲೂ ನಡೆಯುತ್ತಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಮೊಸ್ಯೂ ಪಿಯರ್ 1947ರಲ್ಲಿ ಕ್ಯೂಬಾಕ್ಕೆ ಹೋಗಿಬಂದರು. ಅಲ್ಲಿ ಕಂಡ ತಾಳದ ಎಣಿಕೆ ಬೇರೆಯೇ ಆಗಿತ್ತು. ವಾಪಸ್ ಬಂದು ಅದನ್ನೇ ಕಲಿಸತೊಡಗಿದರು. ಮೇಷ್ಟ್ರುಗಳ ನಡುವೆ ವರ್ಷಗಟ್ಟಲೆ ಜಗಳ ನಡೆದು, ಕೊನೆಗೆ ಕ್ಯೂಬಾದ ಎಣಿಕೆಯೇ ಇಂಟರ್‌ನ್ಯಾಷನಲ್‌ನಲ್ಲಿ ಉಳಿಯಿತು. ಅಮೆರಿಕದಲ್ಲಿ ಚೌಕ ಉಳಿಯಿತು. ಇಲ್ಲಿ ಆರ್ಥರ್ ಮರ್ರಿಯಂಥವರು ಹೆಜ್ಜೆಗುರುತಿನ ಚಿತ್ರಗಳನ್ನು ಅಂಚೆಯಲ್ಲಿ ಮಾರಿ, ಆಮೇಲೆ ಊರೂರಲ್ಲಿ ಸ್ಟುಡಿಯೋ ತೆರೆದು ಕಲಿಸಿದವರು. ಇವತ್ತು ಕಲಿತವರು ವಾರದ ಕೊನೆಗೆ ಮದುವೆ ಮನೆಯಲ್ಲಿ ಕುಣಿಯುವಂತಿರಬೇಕು ಅನ್ನುವ ಲೆಕ್ಕ. ಚೌಕ ಅದಕ್ಕೆ ಒಗ್ಗುತ್ತದೆ.

ಹೀಗಿರುವಾಗ ಯಾವ ಪದ? ನನಗೆ ಮೊದಲು ಹೊಳೆದದ್ದು 'ತಿಟ್ಟು'. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ನಮಗೆಲ್ಲ ಗೊತ್ತು. ಪ್ರಸಂಗ ಒಂದೇ ಇರಬಹುದು, ಹೆಜ್ಜೆ, ಚೆಂಡೆ, ವೇಷ ಬೇರೆ. ಬಾಲ್‌ರೂಮಿನಲ್ಲೂ ಹಾಗೇ ಅಲ್ವಾ? ಆದರೆ ತಿಟ್ಟು ಅನ್ನುವುದರಲ್ಲಿ ಸೀಮೆ ಇದೆ. ತೆಂಕು ಅಂದರೆ ತೆಂಕಣ ಸೀಮೆ. ಇಲ್ಲಿ ಒಂದೇ ಹಾಲಿನಲ್ಲಿ, ಒಂದೇ ದಿನ ಎರಡೂ ಸ್ಪರ್ಧೆ ನಡೆಯುತ್ತವೆ. ಭರತನಾಟ್ಯದವರ 'ಬಾನಿ' ಗುರುಪರಂಪರೆಗೆ ಅಂಟಿದ ಪದ. ಕೊನೆಗೆ 'ಪದ್ಧತಿ'ಯ ಕಡೆಗೆ ವಾಲಿದ್ದೇನೆ. ಹಿಂದೂಸ್ತಾನಿ ಪದ್ಧತಿ, ಕರ್ನಾಟಕ ಪದ್ಧತಿ ಅನ್ನುವಾಗ ಕಟ್ಟುಪಾಡು, ಪಾಠಕ್ರಮ ಎಲ್ಲ ಅದರೊಳಗೇ ಬರುತ್ತದೆ.

ಒಳಗಿನ ಹೆಸರುಗಳು ಇನ್ನೂ ಕಷ್ಟ. ಇಂಟರ್‌ನ್ಯಾಷನಲ್‌ನಲ್ಲಿ ಸ್ಟ್ಯಾಂಡರ್ಡ್, ಲ್ಯಾಟಿನ್ ಅಂತ ಎರಡು ಗುಂಪು. ಒಂದೊಂದರಲ್ಲೂ 5 ಡ್ಯಾನ್ಸ್. ಅಮೆರಿಕನ್‌ನಲ್ಲಿ ಇವಕ್ಕೆ ಸಾಟಿಯಾಗಿ ಸ್ಮೂತ್, ರಿದಮ್. ಸ್ಮೂತ್‌ನಲ್ಲಿ ಕ್ವಿಕ್‌ಸ್ಟೆಪ್ ಇಲ್ಲ, ಹಾಗಾಗಿ 4. ರಿದಮ್‌ನಲ್ಲಿ 5, ಆದರೆ ಸಾಂಬಾ, ಪಾಸೊ ಡೋಬ್ಲೆ, ಜೈವ್ ಬದಲು ಸ್ವಿಂಗ್, ಬೊಲೆರೊ, ಮಾಂಬೊ. 'ರಿದಮ್' ಅನ್ನು 'ಲಯ' ಅಂದರೆ ಉಳಿದವಕ್ಕೆ ಲಯವೇ ಇಲ್ಲ ಅಂದಂತಾಗುತ್ತದೆ. 'ಲ್ಯಾಟಿನ್' ಅಂದರೆ ಎಲ್ಲ ದಕ್ಷಿಣ ಅಮೆರಿಕದ ಡ್ಯಾನ್ಸ್ ಅಂದುಕೊಳ್ಳಬಹುದು. ಅರ್ಜೆಂಟೀನಾದ ಕಡೆಯ ಟ್ಯಾಂಗೊ ಇರುವುದು ಸ್ಟ್ಯಾಂಡರ್ಡ್‌ನಲ್ಲಿ. ಅಮೆರಿಕದ ಕಪ್ಪು ಜನರ ಸ್ವಿಂಗ್‌ನಿಂದ ಬಂದ ಜೈವ್ ಇರುವುದು ಲ್ಯಾಟಿನ್‌ನಲ್ಲಿ. ಹಾಲಿನ ಸುತ್ತ ಸಾಗುವವು ಒಂದು ಗುಂಪು, ನಿಂತಲ್ಲೇ ಕುಣಿಯುವವು ಇನ್ನೊಂದು ಅಂತ ಹೆಸರಿಡೋಣ ಅಂದರೆ, ಲ್ಯಾಟಿನ್‌ನ ಸಾಂಬಾ, ಪಾಸೊ ಎರಡೂ ಸಾಗುತ್ತವೆ. ಬ್ರಿಟನ್ನಿನ ಟಿವಿ ಸ್ಪರ್ಧೆಯಲ್ಲಂತೂ 'ಅಮೆರಿಕನ್ ಸ್ಮೂತ್' ಒಂದೇ ಒಂದು ಡ್ಯಾನ್ಸಿನ ಹೆಸರು. ಅದರಲ್ಲಿ ಜೊತೆಗಾರ್ತಿಯನ್ನು ಮೇಲೆತ್ತುತ್ತಾರೆ. ಇಲ್ಲಿನ ಸ್ಮೂತ್ ಸ್ಪರ್ಧೆಗಳಲ್ಲಿ ಎತ್ತುವ ಹಾಗಿಲ್ಲ. ಈ ನಾಲ್ಕು ಗುಂಪುಗಳ ಹೆಸರನ್ನೂ ಅನುವಾದ ಮಾಡಬಾರದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅನುವಾದ ಬೇಕೇ ಬೇಕಾದ ಪದ 'ಹೋಲ್ಡ್'. ಯಾಕಂದರೆ ಸ್ಟ್ಯಾಂಡರ್ಡ್ ಮತ್ತು ಸ್ಮೂತ್ ನಡುವಿನ ಮುಖ್ಯ ವ್ಯತ್ಯಾಸವೇ ಅದು. ಸ್ಟ್ಯಾಂಡರ್ಡ್‌ನಲ್ಲಿ ಇಬ್ಬರೂ ಕೈ ಸೇರಿಸಿ ನಿಂತ ಆ ಜೋಡಣೆ ಶುರುವಿನಿಂದ ಕೊನೆಯವರೆಗೂ ಬಿಡುವುದಿಲ್ಲ. ಸ್ಮೂತ್‌ನಲ್ಲಿ ಬಿಟ್ಟು ದೂರ ಸರಿಯಬಹುದು, ಕೈಯಡಿ ತಿರುಗಬಹುದು, ಪಕ್ಕಪಕ್ಕ ಸಾಗಬಹುದು, ಮತ್ತೆ ಕೂಡಬಹುದು. 'ಹಿಡಿತ' ಅಂದರೆ ಒಬ್ಬರು ಇನ್ನೊಬ್ಬರನ್ನು ಅಂಕೆಯಲ್ಲಿಟ್ಟಂತೆ ಕೇಳಿಸುತ್ತದೆ. ಇದು ಹಾಗಲ್ಲ, ಇಬ್ಬರೂ ಸಮವಾಗಿ ತಮ್ಮ ತೋಳು ತಾವೇ ಹೊರಬೇಕು. 'ಅಪ್ಪುಗೆ' ಪೂರ್ತಿ ತಪ್ಪು. ಸದ್ಯಕ್ಕೆ 'ಜೋಡಿಕಟ್ಟು' ಅಂತ ಬರೆದುಕೊಂಡಿದ್ದೇನೆ. 'ಜೋಡಿಕಟ್ಟು ಬಿಚ್ಚದೆ ಕುಣಿಯುವುದು ಸ್ಟ್ಯಾಂಡರ್ಡ್, ಬಿಚ್ಚಿ ಕೂಡುತ್ತ ಕುಣಿಯುವುದು ಸ್ಮೂತ್.' ಈ ವಾಕ್ಯ ನಿಮ್ಮ ಕಿವಿಗೆ ಹೇಗಿದೆ?

ಇನ್ನೊಂದು ಕೋರಿಕೆ. ಅಮೆರಿಕನ್ ರುಂಬಾ ಸೇರುವ ರಿದಮ್‌ನ ಮಡಿಚಿದ ಮಂಡಿಗೆ 'ಅರೆಮಂಡಿ' ಬಳಸಿ ಅಂತ ಒಬ್ಬ ಗೆಳತಿ ಹೇಳಿದರು. ಭರತನಾಟ್ಯದ ಅರೆಮಂಡಿ ಅಂದರೆ ಮಂಡಿ ಎರಡು ಬದಿಗೆ ತೆರೆದು ಕೂತು ನಿಲ್ಲುವ ಭಂಗಿ. ಇಲ್ಲಿನದು ಒಂದೇ ಕಾಲಿನ, ಕ್ಷಣ ಮಾತ್ರದ ಬಾಗು. ನನಗೆ ಒಪ್ಪಿಗೆಯಾಗಲಿಲ್ಲ. ಬೆಂಗಳೂರು, ಮೈಸೂರು ಕಡೆ ಸಾಲ್ಸಾ ಅಥವಾ ಬಾಲ್‌ರೂಮ್ ಕಲಿಸುವವರು ಈ ಬಳಗದಲ್ಲಿದ್ದರೆ, ಕನ್ನಡದಲ್ಲಿ ಪಾಠ ಹೇಳುವಾಗ ಮಂಡಿ, ಹೋಲ್ಡ್, ತಿರುವು ಇವಕ್ಕೆ ಬಾಯಲ್ಲಿ ಬರುವ ಮಾತು ಯಾವುದು ಅಂತ ವಾಕ್ಯದ ಸಮೇತ ಬರೆದು ತಿಳಿಸಿ. ಪುಸ್ತಕದ ಪದಕ್ಕಿಂತ ಅದೇ ನನಗೆ ಜಾಸ್ತಿ ಬೇಕಾಗಿರುವುದು.