ಪದ ಬೇಕು (ತುರ್ತು): ಹಳೆ ಕಾರಿನ 'ರೆಸ್ಟೊರೇಶನ್'ಗೆ ಬೋರ್ಡಿನ ಮೇಲೆ ಏನು ಬರೆಸೋಣ?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ ಪೇಂಟರ್ ಬರುತ್ತಾನೆ. ಅಷ್ಟರೊಳಗೆ ಒಂದು ಪದ ಬೇಕು. ಎರಡು ಸಿಕ್ಕರೆ ಇನ್ನೂ ಒಳ್ಳೆಯದು.

ನನ್ನ ಭಾವಮೈದುನ ಹಳೆ ಕಾರುಗಳಿಗೆ ಅಂತಲೇ ಒಂದು ಗ್ಯಾರೇಜ್ ಶುರು ಮಾಡುತ್ತಿದ್ದಾನೆ. ಪದ್ಮಿನಿ, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮೊದಮೊದಲ ಮಾರುತಿ 800. ಇವನ್ನು ಹವ್ಯಾಸಕ್ಕೆ ಅಂತ ಕೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ಯಾರದೋ ಮನೆಯ ಹಿಂದೆ ಕೋಳಿ ಮೊಟ್ಟೆ ಇಡುತ್ತಿದ್ದ ಗಾಡಿಯನ್ನು ಎಳೆಸಿಕೊಂಡು ತರುತ್ತಾರೆ. ಇವನು ಪೂರ್ತಿ ಬಿಚ್ಚಿ, ತುಕ್ಕು ಹಿಡಿದ ತಗಡು ಕತ್ತರಿಸಿ, ಬೆಸುಗೆ ಹಾಕಿ, ಇಂಜಿನ್ ಬೋರ್ ಮಾಡಿಸಿ, ಬಣ್ಣ ಹೊಡೆದು, ಹೊಸದರಲ್ಲಿ ಹೇಗಿತ್ತೋ ಹಾಗೆ ಮಾಡಿಕೊಡುತ್ತಾನೆ. ಇದು ಒಂದು ಕೆಲಸ. ಇನ್ನೊಂದು ಅಂದರೆ ಹೊರಗಿನ ರೂಪ ಹಳೆಯದೇ ಇರಲಿ, ಒಳಗೆ ಏಸಿ, ಡಿಸ್ಕ್ ಬ್ರೇಕ್, ಬೇರೆ ಸೀಟು, ಅಗಲ ಚಕ್ರ ಹಾಕಿಕೊಡಿ ಅನ್ನುವವರ ಕೆಲಸ. ಎರಡಕ್ಕೂ ಬೇರೆ ಬೇರೆ ಪದ ಬೇಕು.

'ಹಳೆ ಕಾರು ರಿಪೇರಿ' ಅಂತ ಬರೆಸಿದರೆ ಊರಿನ ಹತ್ತು ವರ್ಷದ ಗಾಡಿಗಳೆಲ್ಲ ಕ್ಲಚ್ ಪ್ಲೇಟ್ ಹಾಕಿಸಲು ಬಂದು ನಿಲ್ಲುತ್ತವೆ. 'ವಿಂಟೇಜ್' ಕೂಡ ಆಗುವುದಿಲ್ಲ. ನಮ್ಮ ಕಾನೂನಿನಲ್ಲಿ ಅದಕ್ಕೆ 50 ವರ್ಷ ದಾಟಿರಬೇಕು. ಮಾರುತಿ ಬಂದಿದ್ದೇ 1983ರ ಡಿಸೆಂಬರಿನಲ್ಲಿ, ಅದು ವಿಂಟೇಜ್ ಆಗಲು 2033 ಬರಬೇಕು. ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕಲ್ಲ, ಇಂಗ್ಲಿಷ್ ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಸಿಬಿಡೋಣ ಅಂತ ಅವನು. ನನಗೆ ಮನಸ್ಸು ಒಪ್ಪುತ್ತಿಲ್ಲ. ಬೋರ್ಡ್ ಚಿಕ್ಕದು, ದಯವಿಟ್ಟು ಉದ್ದ ಪದ ಬೇಡ.

ಧಾರವಾಡದಿಂದ:

ಹುಡುಕುವುದೇ ಬೇಡ. ಜೀರ್ಣೋದ್ಧಾರ.

ಕಲ್ಯಾಣ ಚಾಲುಕ್ಯರ, ಹೊಯ್ಸಳರ ದಾನಶಾಸನಗಳನ್ನು ತೆಗೆದು ನೋಡಿ. ದೇವರ ನೈವೇದ್ಯಕ್ಕೆ, ನಂದಾದೀವಿಗೆಗೆ ಅಂತ ಭೂಮಿ ಬಿಡುವಾಗ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಅಂತಲೂ ಬರೆದಿರುತ್ತಾರೆ. ಖಂಡ ಅಂದರೆ ಮುರಿದದ್ದು. ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು. ಜೀರ್ಣ ಅಂದರೆ ಸವೆದು ಹಳತಾದದ್ದು. ಮೂರೂ ಬೇರೆ ಬೇರೆ ಕೆಟ್ಟ ಸ್ಥಿತಿ. ನಿಮ್ಮ ಗ್ಯಾರೇಜಿನವರು ಮೂರಕ್ಕೂ 'ಡ್ಯಾಮೇಜ್' ಅಂತ ಒಂದೇ ಮಾತು ಹೇಳಿ ಬಿಲ್ ಬರೆಯುತ್ತಾರೆ. ಪಾಟಾ (ಸ್ಪ್ರಿಂಗ್ ಪಟ್ಟಿ) ಮುರಿದಿದ್ದರೆ ಖಂಡ, ಬ್ಲಾಕ್ ಬಿರುಕು ಬಿಟ್ಟಿದ್ದರೆ ಸ್ಫುಟಿತ, ಪಿಸ್ಟನ್ ರಿಂಗ್ ಸವೆದಿದ್ದರೆ ಜೀರ್ಣ. ಗುಡಿ ಕಟ್ಟಿದವರಿಗೆ ಇದ್ದ ವಿವೇಕ ನಮಗೆ ಇಲ್ಲ.

ಬೆಂಗಳೂರಿನಿಂದ:

ಒಂದು ಅರ್ಕಾವತ್ತು, ಒಂದು ಮಹಾಪ್ರಾಣದ ಒತ್ತು. ಬರೆಯುವವನಿಗೆ ಕಷ್ಟ, ಓದುವವನಿಗೆ ಅಜೀರ್ಣ. ಜೀರ್ಣ ಅಂದರೆ ನಮ್ಮ ಜನಕ್ಕೆ ಹೊಟ್ಟೆಯೇ ನೆನಪಾಗುವುದು.

ಕನ್ನಡದ್ದೇ ಇದೆ: ಮರುಕಟ್ಟು. ಮರುಹುಟ್ಟು, ಮರುಮದುವೆ ಇರುವ ಹಾಗೆ. 'ಹಳೆಬಂಡಿ ಮರುಕಟ್ಟು'. ಬದಲಾಯಿಸುವ ಕೆಲಸಕ್ಕೆ 'ಮಾರ್ಪಾಡು'. ಎರಡೂ ಆಯಿತು. ಪೇಂಟರ್‌ಗೆ ಫೋನ್ ಮಾಡಿ.

ಧಾರವಾಡದಿಂದ:

ಬಂಡಿ ಅಂದರೆ ನಮ್ಮ ಕಡೆ ಎತ್ತು ಹೂಡುವುದು. ಅಂಬಾಸಿಡರ್‌ಗೂ ಹೂಡುತ್ತೀರೇನು?

ಬೆಂಗಳೂರಿನಿಂದ:

ಉಗಿಬಂಡಿಗೆ ಯಾರು ಹೂಡಿದ್ದರು ಮೇಷ್ಟ್ರೇ?

ಮಂಗಳೂರಿನಿಂದ:

ಇಬ್ಬರೂ ಸ್ವಲ್ಪ ನಿಲ್ಲಿ. ನಮ್ಮ ಮನೆಯಲ್ಲಿ ಎರಡು ಹಳೆ ಗಾಡಿ ಇವೆ. ನಾನೇ ಕೈ ಮಸಿ ಮಾಡಿಕೊಳ್ಳುವವಳು. 'ಮರುಕಟ್ಟು' ಬೋರ್ಡಿನ ಮೇಲೆ ಬಂದರೆ ತೊಂದರೆ ಇದೆ, ಅದನ್ನು ಹೇಳಿಬಿಡುತ್ತೇನೆ.

ಲಾರಿಯವರು 'ಬಾಡಿ ಕಟ್ಟೋದು' ಅನ್ನುತ್ತಾರೆ, ಅಲ್ವಾ? ಕಂಪನಿಯಿಂದ ಬರೀ ಚಾಸಿ, ಅಂದರೆ ಅಡಿಯ ಚೌಕಟ್ಟು, ಬರುತ್ತದೆ, ಅದರ ಮೇಲೆ ಹೊಸದಾಗಿ ಬಾಡಿ ಏಳುತ್ತದೆ. ಆ ಕೆಲಸದಲ್ಲಿ 'ಕಟ್ಟು' ಸರಿಯಾದ ಮಾತು. ಆದರೆ ಅಂಬಾಸಿಡರ್‌ಗಾಗಲಿ ಪದ್ಮಿನಿಗಾಗಲಿ ಬೇರೆ ಚಾಸಿ ಅಂತ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಇವೇ ಅದರ ಬೆನ್ನೆಲುಬು. ಹಾಗಾಗಿ ಅದನ್ನು 'ಮರಳಿ ಕಟ್ಟಿದೆ' ಅಂದರೆ ಹಳೆ ಕಾರು ಉಳಿಯಲೇ ಇಲ್ಲ ಅಂತ ಅರ್ಥ. ಹೆರಾಲ್ಡ್ ಮಾತ್ರ ಬೇರೆ. ಅದಕ್ಕೆ ಪ್ರತ್ಯೇಕ ಚಾಸಿ ಇದೆ, ಬೋಲ್ಟ್ ಬಿಚ್ಚಿದರೆ ಬಾಡಿಯನ್ನು ಎತ್ತಿ ಪಕ್ಕಕ್ಕೆ ಇಡಬಹುದು.

ಇದು ಬರೀ ತಾಂತ್ರಿಕ ಮಾತಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ವಯಸ್ಸೊಂದೇ ಸಾಲದು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ 'ವಿಎ' ಸರಣಿಯ ನಂಬರ್ ಕೊಡುತ್ತಾರೆ. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಮುಂದೆ ಆ ನಂಬರ್ ಬೇಕು ಅಂತ ಆಸೆ ಇಟ್ಟುಕೊಂಡವನು 'ಮರುಕಟ್ಟು' ಅಂತ ದೊಡ್ಡದಾಗಿ ಬರೆದಿರುವ ಗ್ಯಾರೇಜಿನ ಬಿಲ್ ಇಟ್ಟುಕೊಂಡರೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ ಹಾಗೆ.

'ಮಾರ್ಪಾಡು' ಇನ್ನೂ ಅಪಾಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರುವುದೇ ಅದಕ್ಕೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಇಂಜಿನ್ ಬದಲಾದರೆ ಆರ್‌ಸಿಯಲ್ಲಿ ಸೇರಿಸಲೇಬೇಕು. ಬೋರ್ಡಿನ ಮೇಲೆ 'ಮಾರ್ಪಾಡು' ಅಂತ ಹಾಕಿಕೊಂಡರೆ ಆರ್‌ಟಿಓದವರನ್ನು ಕೈ ಹಿಡಿದು ಕರೆದ ಹಾಗಾಗುತ್ತದೆ.

ಪದ ಕೊಡುತ್ತಿಲ್ಲ ಅಂತ ಬೇಜಾರು ಬೇಡ. ಯಾವುದು ಬೇಡ ಅಂತ ಮೊದಲು ಗೊತ್ತಾಗಬೇಕಲ್ಲ.

ಬೆಂಗಳೂರಿನಿಂದ:

ಕಾನೂನು ನಿಘಂಟಲ್ಲ. ಆರ್‌ಟಿಓಗೆ ಹೆದರಿ ಪದ ಕಟ್ಟುವ ಕಾಲ ಬಂತೇ?

ಮಂಗಳೂರಿನಿಂದ:

ದಂಡ ನೀವು ಕಟ್ಟುತ್ತೀರಾ?

ಮೈಸೂರಿನಿಂದ:

ಒಂದು ಸಂಧಿಯ ಪ್ರಶ್ನೆ. ಮಳೆ, ಕಾಲ ಸೇರಿ ಮಳೆಗಾಲ ಆಗುವುದಾದರೆ ಹಳೆ, ಕಾರು ಸೇರಿ 'ಹಳೆಗಾರು' ಯಾಕೆ ಆಗಬಾರದು? ಮುಂಗಾರು, ಹಿಂಗಾರು, ಹಳೆಗಾರು. ಕೇಳಲು ಎಷ್ಟು ಚಂದ. ನಾಲ್ಕೇ ಅಕ್ಷರ, ಬೋರ್ಡಿಗೆ ಹೇಳಿ ಮಾಡಿಸಿದ್ದು.

ಧಾರವಾಡದಿಂದ:

ಅನ್ಯದೇಶ್ಯಕ್ಕೆ, ಅಂದರೆ ಹೊರಭಾಷೆಯಿಂದ ಬಂದ ಪದಕ್ಕೆ, ಹೀಗೆ ಕಕಾರ ಗಕಾರವಾಗುವ ಆದೇಶ ಸಂಧಿ ಹಾಕುವ ರೂಢಿ ಇಲ್ಲ. 'ಹೊಸಗಾಫಿ' ಕುಡಿದವರಿದ್ದಾರೆಯೇ? ತಮಾಷೆ ಬಿಡಿ.

ಮೈಸೂರಿನಿಂದ:

ತಮಾಷೆ ಅಲ್ಲ. ಕಾರು ನಮ್ಮಲ್ಲಿ ಎಷ್ಟು ಒಳಗೆ ಬಂದಿದೆ ನೋಡಿ. ಕೊನೆಗೆ ಉಕಾರ ಸೇರಿಸಿಕೊಂಡಿತು, ವಿಭಕ್ತಿ ಹತ್ತಿಸಿಕೊಂಡಿತು. ಮೊದಲೇ ನಮ್ಮಲ್ಲಿದ್ದ 'ಕಾರು' ಕ್ರಿಯಾಪದದ ಪಕ್ಕಕ್ಕೆ ಬಂದು ಕೂತಿತು. ಹಳೆ ಕಾರು ಹೊಗೆ ಕಾರುತ್ತದೆ ಅಂತ ಯಾರೂ ನಗದೆ ಹೇಳಬಹುದು. ಇಷ್ಟಾದ ಮೇಲೂ ಅದು ಅನ್ಯದೇಶ್ಯವೇ?

ಇನ್ನೊಂದು. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರು ಕಾರ್ ಮ್ಯೂಸಿಯಂ ಮಾಡಿ 'ಪಯಣ' ಅಂತ ಹೆಸರಿಟ್ಟಿದ್ದಾರೆ. ಪ್ರಯಾಣದ ತದ್ಭವ. ಒಂದೂ ಒತ್ತಿಲ್ಲ. ಸಂಸ್ಕೃತದವರಿಗೂ ಸೈ, ಅಚ್ಚಗನ್ನಡದವರಿಗೂ ಸೈ. ಗ್ಯಾರೇಜಿಗೆ ಇಂಥದ್ದೊಂದು ಹೆಸರಿಟ್ಟು ಕೆಲಸದ ವಿವರ ಕೆಳಗೆ ಸಣ್ಣದಾಗಿ ಬರೆಸಬಹುದಲ್ಲ.

ಬೆಂಗಳೂರು, ಬಸವನಗುಡಿಯಿಂದ:

ನಾನು ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯೊಂದರಲ್ಲಿ ಬಹಳ ಕಾಲ ಲೆಕ್ಕ ಬರೆದವನು. ಇಷ್ಟು ಹೊತ್ತು ಕೆಲಸ ಮಾಡುವವರ ಬಾಯಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ನಾನು ಕೇಳಿದ್ದನ್ನು ಹೇಳುತ್ತೇನೆ.

ಇಂಜಿನ್ ಪೂರ್ತಿ ಬಿಚ್ಚಿ ಕೂಡಿಸುವುದಕ್ಕೆ 'ಓರಾಯಿಲ್' ಅನ್ನುತ್ತಾರೆ. ಓವರ್‌ಹಾಲ್ ಸವೆದು ಹಾಗಾಗಿದೆ. ಬೋರ್ಡ್ ಬರೆಯುವಾಗ ಅದನ್ನು 'ಓವರ್ ಆಯಿಲಿಂಗ್' ಮಾಡಿಬಿಟ್ಟರು. ಇಂಜಿನ್ ಅಂದ ಮೇಲೆ ಆಯಿಲ್ ಇದ್ದೇ ಇದೆ, ಅರ್ಥ ತಾನಾಗಿ ಕೂಡಿಕೊಂಡಿತು. ತಗಡು ಬಡಿದು ನೆಟ್ಟಗೆ ಮಾಡುವುದು 'ಟಿಂಕರಿಂಗ್'. ಇಂಜಿನ್ 'ಇಳಿಸುತ್ತಾರೆ', 'ಕೂರಿಸುತ್ತಾರೆ'. ಅಂಬಾಸಿಡರ್‌ಗೆ ಡೀಸೆಲ್ ಇಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಮಾಮೂಲಿ ಕೆಲಸ. ನಿಂತು ಹೋದ ಗಾಡಿಯನ್ನು 'ಎಬ್ಬಿಸುತ್ತಾರೆ'. ಕೊಳ್ಳಲು ಬಂದವನು ಮೊದಲು ಕೇಳುವುದು 'ಗಾಡೀಲಿ ಕೆಲಸ ಏನಾದ್ರೂ ಇದೆಯಾ?' ಅಂತ. ಮಾರುವವನು ಯಾವಾಗಲೂ 'ಏನೂ ಕೆಲಸ ಇಲ್ಲ ಸಾರ್' ಅನ್ನುತ್ತಾನೆ. ಆಮೇಲೆ ಕಾರ್ಪೆಟ್ ಎತ್ತಿ ನೋಡಿದರೆ ನೆಲದ ತೂತಿನಿಂದ ರಸ್ತೆ ಕಾಣುತ್ತಿರುತ್ತದೆ.

ಮುಖ್ಯವಾದದ್ದು ಇದು. ನೀವು ಕೇಳಿದ ಎರಡು ಕೆಲಸಕ್ಕೆ ಅಲ್ಲಿ ಎರಡು ಮಾತು ಆಗಲೇ ಇವೆ: 'ಕಂಪನಿ' ಮತ್ತು 'ಆಲ್ಟ್ರೇಶನ್'. ಕಂಪನಿ ಬಣ್ಣ, ಕಂಪನಿ ಫಿಟ್ಟಿಂಗ್, ಕಂಪನಿ ಥರಾನೇ ಮಾಡಿಕೊಡಿ. ಇಲ್ಲಿ ಕಂಪನಿ ಅಂದರೆ ವ್ಯಾಪಾರ ಸಂಸ್ಥೆ ಅಲ್ಲ, ಮೂಲದಲ್ಲಿ ಇದ್ದದ್ದು ಅಂತ. ಕುರ್ಲಾದಲ್ಲಿ ಪದ್ಮಿನಿ ಮಾಡುತ್ತಿದ್ದ ಕಾರ್ಖಾನೆಯೂ ಈಗ ಪದ್ಮಿನಿ ಮಾಡುವುದಿಲ್ಲ, ಉತ್ತರಪಾರಾದಲ್ಲಿ ಅಂಬಾಸಿಡರ್ 2014ಕ್ಕೆ ನಿಂತಿತು. ಆದರೂ ಶಿವಾಜಿನಗರದ ಗುಜರಿಯಲ್ಲಿ ಹಳೆ ಹೆಡ್‌ಲೈಟ್ ರಿಂಗ್ ಹಿಡಿದುಕೊಂಡು 'ಇದು ಕಂಪನಿದು, ಡೂಪ್ಲಿಕೇಟ್ ಅಲ್ಲ' ಅಂತ ಚೌಕಾಸಿ ಮಾಡುತ್ತಾರೆ. ಅಲ್ಲಿ ಈ ಪದಕ್ಕೆ ಇರುವ ಬೆಲೆ ಜೀರ್ಣೋದ್ಧಾರಕ್ಕೂ ಇಲ್ಲ, ಮರುಕಟ್ಟಿಗೂ ಇಲ್ಲ.

ಬೆಂಗಳೂರಿನಿಂದ:

ಅಂದರೆ ಇಂಗ್ಲಿಷನ್ನೇ ಕನ್ನಡ ಅಂತ ಒಪ್ಪಿಕೊಳ್ಳಿ ಅನ್ನುತ್ತಿದ್ದೀರಿ. ಈ ಸೋಲಿನ ಮಾತು ಸಾಕು. ಹೀಗೆ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನಮ್ಮದು ಅಂತ ಪ್ರತ್ಯಯ ಮಾತ್ರ ಉಳಿಯುತ್ತದೆ.

ಬಸವನಗುಡಿಯಿಂದ:

ಗ್ಯಾರೇಜಿನಲ್ಲಿ ಇಂಗ್ಲಿಷ್ ಒಂದೇ ಅಲ್ಲ ಸಾರ್. ಮೇಸ್ತ್ರಿ ಪೋರ್ಚುಗೀಸಿನಿಂದ ಬಂದವನು. ಅವನ ಕೈಯಲ್ಲಿರುವ ಚಾವಿಯೂ ಅಲ್ಲಿಯದೇ. ದುರಸ್ತಿ ಪರ್ಷಿಯನ್. ಡಿಕ್ಕಿ ಇಂಗ್ಲಿಷ್. ಆದರೆ ನಮ್ಮಲ್ಲಿ ಡಿಕ್ಕಿ ಹೊಡೆದರೆ ಅದು ಬೇರೆಯೇ ಡಿಕ್ಕಿ, ಅದಕ್ಕೂ ಇದಕ್ಕೂ ಯಾರಿಗೂ ಗೊಂದಲ ಆಗಿಲ್ಲ.

ಇನ್ನು ಸ್ಟೆಪ್ನಿ. ಬ್ರಿಟನ್ನಿನ ವೇಲ್ಸ್‌ನಲ್ಲಿ ಲನೆತ್ಲಿ ಅಂತ ಊರು. ಅಲ್ಲಿ ಸ್ಟೆಪ್ನಿ ಬೀದಿ. ಕಾರುಗಳು ಹೆಚ್ಚಿನ ಚಕ್ರ ಇಲ್ಲದೆ ಬರುತ್ತಿದ್ದ ಕಾಲದಲ್ಲಿ, 1904ರ ಸುಮಾರಿಗೆ, ಅಲ್ಲಿನ ಅಣ್ಣತಮ್ಮಂದಿರು ಪಂಕ್ಚರ್ ಆದ ಚಕ್ರಕ್ಕೆ ಬಿಗಿಯುವ ಬದಲಿ ಚಕ್ರ ಮಾಡಿ ಬೀದಿಯ ಹೆಸರನ್ನೇ ಅದಕ್ಕೆ ಇಟ್ಟರು. ಆ ನಾಡಿನ ದಿನಬಳಕೆಯಿಂದ ಆ ಮಾತು ಹೋಯಿತು. ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಇವತ್ತಿಗೂ ಇದೆ. ಈಗ ಅದು ಯಾರ ಪದ? ಉಳಿಸಿಕೊಂಡವರದ್ದು ಅಂತ ನಾನು ಹೇಳುತ್ತೇನೆ.

ಧಾರವಾಡದಿಂದ:

ನಿಮ್ಮ ಲೆಕ್ಕದಲ್ಲಿ ಜೀರ್ಣೋದ್ಧಾರವನ್ನೂ ನಾವೇ ಉಳಿಸಿಕೊಂಡಿದ್ದೇವೆ. ಊರೂರಿನ ಗುಡಿಯ ರಸೀದಿ ಪುಸ್ತಕದ ಮೇಲೆ ಅಚ್ಚಾಗಿದೆ. ಅದಕ್ಕೆ ಮಾತ್ರ ಯಾಕೆ ಪ್ರವೇಶ ಇಲ್ಲ?

ಮಂಗಳೂರಿನಿಂದ:

ಬೋರ್ಡ್ ನೋಡಿದವರು ಇಲ್ಲಿ ಗುಡಿಗೆ ಚಂದಾ ಎತ್ತುತ್ತಿದ್ದಾರೆ ಅಂದುಕೊಳ್ಳುತ್ತಾರೆ, ಅದಕ್ಕೆ.

ಶಿವಮೊಗ್ಗದಿಂದ:

ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್ ಬಂದು ಹೋದ. ನೀವು ಜಗಳ ಮುಗಿಸುವವರೆಗೆ ಅವನು ಕಾಯುವ ಹಾಗಿರಲಿಲ್ಲ.

ಬರೆಸಿದ್ದು ಇಷ್ಟು: 'ಹಳೆ ಕಾರು ಮೊದಲಿದ್ದ ಹಾಗೆ'. ಬಸವನಗುಡಿಯವರು ಹೇಳಿದ 'ಕಂಪನಿ ಥರ' ಅನ್ನುವುದರ ಅರ್ಥವನ್ನೇ ಇಟ್ಟುಕೊಂಡೆ. ಆ ಮಾತನ್ನೇ ಬೋರ್ಡಿಗೆ ಹಾಕಿದರೆ ಜನ ಇದು ಯಾವುದೋ ಕಂಪನಿಯ ಶೋರೂಮ್ ಅಂದುಕೊಳ್ಳುತ್ತಾರೆ ಅಂತ ಭಾವಮೈದುನ ಹೆದರಿದ. ಎರಡನೆಯ ಕೆಲಸದ ಬಗ್ಗೆ ಏನೂ ಬರೆಸಲಿಲ್ಲ. ಮಂಗಳೂರಿನ ಅಕ್ಕ ಬರೆದದ್ದನ್ನು ಓದಿ ಹೇಳಿದ ಮೇಲೆ ಅವನೇ ಬೇಡ ಅಂದ. ಬೇಕಾದವರು ಬಾಯಲ್ಲೇ ಕೇಳಲಿ, ಆಗುವುದು ಯಾವುದು, ಆಗದ್ದು ಯಾವುದು ಅಂತ ಬಾಯಲ್ಲೇ ಹೇಳುತ್ತಾನಂತೆ.

ಬೆಂಗಳೂರಿನಿಂದ:

'ಮೊದಲಿದ್ದ ಹಾಗೆ' ಏನು? ಕ್ರಿಯಾಪದವೇ ಇಲ್ಲ. ಮಾಡುತ್ತೀರೋ, ಬಿಡುತ್ತೀರೋ? ಹಾಗೇ ಇಟ್ಟಿದ್ದೇವೆ ಅಂತಲೂ ಓದಬಹುದು.

ಮೈಸೂರಿನಿಂದ:

ಓದಿದವರು ಒಳಗೆ ಹೋಗಿ ಕೇಳುತ್ತಾರೆ. ಬೋರ್ಡ್ ಇರುವುದೇ ಅದಕ್ಕೆ.

ಬೆಂಗಳೂರಿನಿಂದ:

ಸ್ಟೆಪ್ನಿಗೆ 'ಮಿಗುಗಾಲಿ' ಅಂದರೆ ಹೇಗೆ? ಬೇರೆ ಚರ್ಚೆ ಶುರು ಮಾಡುತ್ತೇನೆ.

ಧಾರವಾಡದಿಂದ:

ಬೇಡ.