ನಂದಿ ಬೆಟ್ಟದ ಫೋಟೋ ಎಲ್ಲಾ ಬಿಳಿ ಬಿಳಿ, ಆಕಾಶದಲ್ಲಿ ಕಪ್ಪು ಚುಕ್ಕೆ. ಏನು ಮಾಡಲಿ?

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡು ಸೂರ್ಯೋದಯ ತೆಗೆಯಲು ನಂದಿ ಬೆಟ್ಟಕ್ಕೆ ಹೋಗಿದ್ದೆ. ಕಾರಿಂದ ಇಳಿದ ತಕ್ಷಣ ತೆಗೆದ ಫೋಟೋಗಳೆಲ್ಲ ಹಾಲು ಚೆಲ್ಲಿದ ಹಾಗಿವೆ. ಬಿಸಿಲು ಬಂದ ಮೇಲೆ ತೆಗೆದವು ಚೆನ್ನಾಗಿವೆ, ಆದರೆ ಎಲ್ಲದರಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ. ಈಗ ಕಾರ್ಡ್ ಲ್ಯಾಪ್‌ಟಾಪ್‌ಗೆ ಹಾಕಿದರೆ ಫಾರ್ಮ್ಯಾಟ್ ಮಾಡಿ ಅನ್ನುತ್ತಿದೆ. ಅಂಗಡಿಯವರು ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಭಾಗ) ಹೋಗಿದೆ ಅಂತಾರೆ. ಗೊತ್ತಿದ್ದವರು ಹೇಳಿ.

ಶಿಡ್ಲಘಟ್ಟದಿಂದ:
ಸೆನ್ಸರ್‌ಗೆ ಏನೂ ಆಗಿರಲಿಕ್ಕಿಲ್ಲ, ಸುಮ್ನೆ ದುಡ್ಡು ಕೊಡಬೇಡಿ. ಕಾರಲ್ಲಿ ಎಸಿ ಹಾಕಿಕೊಂಡು ಹೋದಿರಿ ಅಲ್ವಾ? ತಣ್ಣಗಿರುವ ಲೆನ್ಸ್‌ಗೆ ಹೊರಗಿನ ತೇವದ ಗಾಳಿ ತಾಗಿದರೆ ನೀರು ಕಟ್ಟುತ್ತದೆ. ನಂದಿ 1478 ಮೀಟರ್ ಎತ್ತರ, ಬೆಳಗಿನ ಜಾವ ಮೋಡವೇ ಮೈಮೇಲೆ ಹಾದು ಹೋಗುತ್ತದೆ, ಅಲ್ಲಿ ನಿಂತು ಎಷ್ಟು ಒರೆಸಿದರೂ ಲೆನ್ಸ್ ಬೆಚ್ಚಗಾಗುವ ತನಕ ಮತ್ತೆ ಮತ್ತೆ ಕೂರುತ್ತದೆ. ಬೆಟ್ಟದ ತಿರುವು ಶುರುವಾಗುವ ಮೊದಲೇ ಎಸಿ ಆಫ್ ಮಾಡಿ ಕಿಟಕಿ ಇಳಿಸಿ. ಮೇಲೆ ಹೋದ ಮೇಲೂ ಬ್ಯಾಗಿನ ಜಿಪ್ ತೆಗೆಯದೆ ಸ್ವಲ್ಪ ಹೊತ್ತು ಬಿಡಿ.

ಚುಕ್ಕೆ ಬರುವುದು ಸೆನ್ಸರ್ ಮೇಲೆ ಕೂತ ಧೂಳಿನಿಂದ. ಲೆನ್ಸ್ ಮುಂದಿನ ಧೂಳು ಹೀಗೆ ಎದ್ದು ಕಾಣುವುದಿಲ್ಲ. ಎಫ್ 16 (ಲೆನ್ಸ್ ಒಳಗಿನ ಕಿಂಡಿ ಚಿಕ್ಕದು) ಇಟ್ಟು ಬರೀ ಆಕಾಶ ತೆಗೆದು ನೋಡಿ, ಆಮೇಲೆ ಎಫ್ 4 ಅಥವಾ 5.6ರಲ್ಲಿ (ಕಿಂಡಿ ದೊಡ್ಡದು) ತೆಗೆಯಿರಿ. ಚುಕ್ಕೆ ಹರಡಿ ಮಾಯವಾದರೆ ಧೂಳೇ. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಇದ್ದರೆ ಮೊದಲು ಅದನ್ನು ಓಡಿಸಿ. ಹೋಗದಿದ್ದರೆ ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಮೆನುವಿನಿಂದಲೇ ಸೆನ್ಸರ್ ಮುಂದಿರುವ ಮಿರರ್ ಮೇಲೆತ್ತಿ, ಲೆನ್ಸ್ ಬಿಚ್ಚಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಗಾಳಿ ಬಿಡಿ. ಬಾಯಿಂದ ಊದಲೇಬೇಡಿ, ಎಂಜಲು ಹಾರುತ್ತದೆ. ಇನ್ನೊಂದು ವಿಷಯ, ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ಫೋಟೋದಲ್ಲಿ ಮೇಲೆ ಕಂಡ ಚುಕ್ಕೆಯ ಧೂಳು ಕೆಳಗೆ ಇರುತ್ತದೆ.

ಕೋಲಾರದಿಂದ:
ಮೇಲಿನವರು ಹೇಳಿದ್ದು ಸರಿ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳು ಜಾಸ್ತಿ, ಬಯಲಲ್ಲಿ ನಿಂತು ಲೆನ್ಸ್ ಬದಲಾಯಿಸಬೇಡಿ ಅಣ್ಣ.

ಗೌರಿಬಿದನೂರಿನಿಂದ:
ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ, ಅದೇ ಅರ್ಜೆಂಟ್. ಈಗ ಫಾರ್ಮ್ಯಾಟ್ ಕೊಡಬೇಡಿ, ಅದರಲ್ಲಿ ಒಂದು ಫೋಟೋ ಕೂಡ ತೆಗೆಯಬೇಡಿ. ಹೊಸದು ಬರೆದಷ್ಟೂ ಹಳೆಯದು ಅಳಿಸಿ ಹೋಗುತ್ತದೆ. ಮೊದಲು ಬೇರೆ ಕಾರ್ಡ್ ರೀಡರ್‌ಗೆ ಹಾಕಿ ನೋಡಿ, ಎಷ್ಟೋ ಸಲ ರೀಡರ್‌ದೇ ತಪ್ಪಿರುತ್ತದೆ. ಆಗಲೂ ಓಪನ್ ಆಗದಿದ್ದರೆ ಫೋಟೋರೆಕ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದನ್ನು ಓಡಿಸಿ. ಸಿಕ್ಕ ಫೋಟೋಗಳನ್ನು ಲ್ಯಾಪ್‌ಟಾಪ್‌ನಲ್ಲೇ ಸೇವ್ ಮಾಡಿ, ಅದೇ ಕಾರ್ಡ್‌ಗೆ ಬೇಡ. ಆಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಮತ್ತೆ ಹಾಗೇ ಕೇಳಿದರೆ ಬಿಸಾಕಿ ಹೊಸದು ತಗೊಳ್ಳಿ.